ಹೀದರ್ ನಡುವೆ ಎದ್ದ ಹುಲ್ಲು

ಟಾರ್ಲಿ ಹೀತ್, ಸರ್ರೆ
ಆಗಸ್ಟ್ 22, 2011

ಶ್ರೀಮತಿ ನೊಲೀನ್ ಹ್ಯಾಸ್ಲರ್ ಅವರಿಗೆ,

ನಾವಿಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ನನ್ನ ತಮ್ಮ ಕ್ಲೈವ್‌ನನ್ನು ಮದುವೆಯಾಗಿ ನಿಮಗೆ ಮೂವತ್ತೆಂಟು ವರ್ಷವಾಗಿರಬೇಕು. ಪ್ರತಿ ಕ್ರಿಸ್‌ಮಸ್‌ಗೂ ಬರುತ್ತಿದ್ದ ಕಾರ್ಡಿನ ಕೆಳಗೆ ಅವನ ಹೆಸರಿನ ಪಕ್ಕದಲ್ಲಿ ನಿಮ್ಮ ಹೆಸರು ಓದಿದ್ದು ಬಿಟ್ಟರೆ ನಿಮ್ಮ ಪರಿಚಯ ನನಗಿಲ್ಲ. ಆದ್ದರಿಂದ ಸುತ್ತುಬಳಸದೆ ಕೇಳುತ್ತೇನೆ. ನನ್ನ ತಮ್ಮ ಸತ್ತಿದ್ದಾನೆಂದು ನನಗೆ ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿ ಬಂದು ಹೇಳಬೇಕಾಯಿತೇ?

ಗುರುವಾರ ನಾನು ಹಿತ್ತಲಲ್ಲಿ ಒಣಗಿದ ಬಟಾಣಿ ಬಳ್ಳಿ ಕೀಳುತ್ತಿದ್ದೆ. ಕಾರ್ಯದರ್ಶಿ ಮೇಜರ್ ಪಿಲ್ಬೀಮ್ ಗೇಟಿನ ಹತ್ತಿರ ನಿಂತಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಆ ಮನುಷ್ಯ ಊಟಕ್ಕೆ ಕೂತಾಗಲೂ ಟೋಪಿ ತೆಗೆಯಲು ಹಿಂದೆಮುಂದೆ ನೋಡುವವರು.

“ಬೆರಿಲ್, ಒಂದ್ನಿಮಿಷ ಕೂತ್ಕೊಳ್ಳಿ.”

“ಕೂರೋಕೆ ಪುರುಸೊತ್ತಿಲ್ಲ. ಅಲ್ಲಿಂದ್ಲೇ ಹೇಳಿ.”

ಅವರು ಕರವಸ್ತ್ರ ಬಿಚ್ಚಿ ಒಂದು ಲೋಹದ ಬಿಲ್ಲೆ ತೋರಿಸಿದರು. ಮೇಲೆ ನಿಮ್ಮ ಕಡೆಯ ಯಾವುದೋ ಚಿತಾಗಾರದ ಹೆಸರು, ಒಂದು ಸಂಖ್ಯೆ. ಗಾಲ್ಫ್ ಮೈದಾನದ ಹದಿಮೂರನೆಯ ಕುಳಿಯ ಎಡಗಡೆ, ಹೀದರ್ ಪೊದೆಯ ಬುಡದಲ್ಲಿ ಸಿಕ್ಕಿತಂತೆ. ಸುತ್ತ ಬೂದಿ. ಮೇಜರ್ ಆ ಚಿತಾಗಾರಕ್ಕೆ ಬರೆದು ಕೇಳಿದ್ದಾರೆ. ಉತ್ತರದಲ್ಲಿ ನನ್ನದೇ ಮನೆತನದ ಹೆಸರು ಬಂದಿದೆ.

ನೀವು ಮರುಭೂಮಿಯ ಅಂಚಿನಲ್ಲಿ ಇರುವವರು, ಹೀದರ್ ಎಂದರೆ ನಿಮಗೆ ಕುರುಚಲು ಗಿಡ. ಇಲ್ಲಿ ಈ ತಿಂಗಳು ಬಯಲೆಲ್ಲ ನೇರಳೆ ಬಣ್ಣ. ಅದಕ್ಕೆ ಬಡ ಮಣ್ಣೇ ಊಟ, ಹುಳಿ ಮಣ್ಣೇ ಊಟ. ಒಂದು ಹಿಡಿ ಗೊಬ್ಬರ ಬಿದ್ದರೆ ಸಾಯುತ್ತದೆ, ಬೂದಿ ಬಿದ್ದರೆ ಕೇಳುವುದೇ ಬೇಡ. ಈಗ ಹದಿಮೂರರಲ್ಲಿ ಹಾಸಿಗೆಯಷ್ಟು ಜಾಗದಲ್ಲಿ ಹೀದರ್ ಸುಟ್ಟಂತೆ ಕಂದಿದೆ, ನಡುವೆ ಹುಲ್ಲು ಎದ್ದು ನಿಂತಿದೆ. ಹನ್ನೊಂದು ವರ್ಷದಿಂದ ಹೀದರ್ ಸಮಿತಿಯ ಅಧ್ಯಕ್ಷೆ ನಾನು. ಗಂಡನ ಬೂದಿ ಇಲ್ಲಿ ಹಾಕಬಹುದೇ ಎಂದು ಕಣ್ಣೀರಿಟ್ಟು ಕೇಳಿದ ಎಷ್ಟು ಹೆಂಗಸರಿಗೆ ‘ಆಗದು’ ಎಂದಿದ್ದೇನೆ! ಈಗ ಅವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾರೆ.

ಯಾರ ಕೈಯಲ್ಲಿ ಮಾಡಿಸಿದಿರಿ? ಕತ್ತಲಲ್ಲಿ ಬೇಲಿ ಹಾರಿ ಬಂದರೇ? ನನ್ನ ಮನೆ ಆ ಬೇಲಿಗೆ ತಾಗಿಕೊಂಡಿದೆ. ಬಾಗಿಲು ತಟ್ಟಲು ಅವರಿಗೆ ಕೈ ಇರಲಿಲ್ಲವೇ?

ಬೆರಿಲ್ ಹ್ಯಾಸ್ಲರ್


ಯಾರಿಂಗಪ್, ಪಶ್ಚಿಮ ಆಸ್ಟ್ರೇಲಿಯಾ
ಸೆಪ್ಟೆಂಬರ್ 4, 2011

ಬೆರಿಲ್,

ಬೇಲಿ ಯಾರೂ ಹಾರಲಿಲ್ಲ. ಈ ವಯಸ್ಸಿನಲ್ಲಿ ನನಗೆ ಹೊಸ್ತಿಲು ದಾಟುವುದೇ ಕಷ್ಟ. ನಾನು ಹಾಡುಹಗಲಲ್ಲಿ, ಮುಂಬಾಗಿಲಿನಿಂದ, ಊರೂರು ಸುತ್ತಿ ಆಡುವ ಗಾಲ್ಫಿನವಳಾಗಿ ಬಂದೆ. ಅತಿಥಿಗಳ ಪುಸ್ತಕದಲ್ಲಿ ಸಹಿ ಹಾಕಿ, ನಿಮ್ಮ ಮೇಜರ್ ಕೊಟ್ಟ ಹರಕು ಟವೆಲ್ಲಿಗೂ ಥ್ಯಾಂಕ್ಸ್ ಹೇಳಿ ಒಳಗೆ ಬಂದೆ.

ಮೇ ತಿಂಗಳ ಮಂಗಳವಾರ, ಹೆಂಗಸರ ಆಟದ ದಿನ. ನಿಮ್ಮಲ್ಲಿ ಯಾರಿಗೋ ಹಲ್ಲುನೋವು ಬಂದು ಒಬ್ಬರು ಕಡಿಮೆಯಾಗಿದ್ದರು. ಮೇಜರ್ ನನ್ನನ್ನು ಕರೆದು “ಮಧ್ಯಾಹ್ನದ ಜೋಡಿಯಾಟಕ್ಕೆ ಒಬ್ರು ಬೇಕು, ಬರ್ತೀರಾ?” ಎಂದರು. ಇಬ್ಬರಿಗೆ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಬಂದೆ. ಕಂದು ಸ್ವೆಟರು, ಗಂಡಸಿನ ಬೂಟು, ಯಾರು ಹೇಳಿದ್ದನ್ನೂ ಪೂರ್ತಿ ಕೇಳಿಸಿಕೊಳ್ಳದ ಒಬ್ಬ ಹೆಂಗಸು ನನ್ನ ಕೈ ಕುಲುಕಿ “ಬೆರಿಲ್ ಹ್ಯಾಸ್ಲರ್, ಎಡಕ್ಕೆ ಹೊಡೀಬೇಡಿ” ಎಂದಳು.

ನೆನಪಾಯಿತೇ? ಮಿಸ್ ಟಾಂಕಿನ್ ನಾನೇ. ಅದು ನನ್ನ ತವರಿನ ಹೆಸರು.

ನಿನಗೆ ವಿಷಯವನ್ನು ಪತ್ರದಲ್ಲಿ ಬರೆದು ಎಸೆಯುವುದು ನನಗೆ ಇಷ್ಟವಿರಲಿಲ್ಲ. ಎದುರಿಗೆ ಕೂತು ಹೇಳಬೇಕೆಂದೇ ಅರ್ಧ ಭೂಮಿ ಸುತ್ತಿ ಬಂದಿದ್ದೆ. ಮೊದಲು ಹೆಸರು ಹೇಳದೆ ಸ್ವಲ್ಪ ಹೊತ್ತು ನೋಡೋಣ, ಆಮೇಲೆ ಎಲ್ಲೋ ಒಂದು ಬೆಂಚಿನ ಮೇಲೆ ಕೂರಿಸಿ ಹೇಳೋಣ ಎಂದುಕೊಂಡಿದ್ದೆ. ನೋಡಿದೆ. ನೀನು ನನಗೆ ಒಂಬತ್ತು ಕುಳಿಯುದ್ದಕ್ಕೂ ಪಾಠ ಹೇಳಿದೆ.

“ಮಿಸ್ ಟಾಂಕಿನ್, ಹೀದರ್‌ಗೆ ಬಿದ್ರೆ ಶೌರ್ಯ ತೋರಿಸೋಕೆ ಹೋಗ್ಬೇಡಿ. ಪಕ್ಕಕ್ಕೆ ಹೊಡ್ದು ಆಚೆ ಬನ್ನಿ, ಸಾಕು.”

“ನಮ್ಮೂರಲ್ಲಿ ಹುಲ್ಲೇ ಇಲ್ಲ. ಕುಳಿ ಸುತ್ತ ಎಣ್ಣೆ ಕಲಸಿದ ಮರಳು.”

“ಮರಳಾ? ಅಯ್ಯೋ ಪಾಪ. ಅದನ್ನೂ ಗಾಲ್ಫ್ ಅಂತೀರಾ?”

ಅದನ್ನೂ ನುಂಗಿಕೊಂಡೆ. ನಿನ್ನ ತಮ್ಮ ಆ ಮರಳನ್ನು ಶನಿವಾರ ಶನಿವಾರ ಹಲಗೆ ಎಳೆದು ಸಮ ಮಾಡುತ್ತಿದ್ದ. ಹತ್ತನೆಯ ಕುಳಿಗೆ ಬಂದಾಗ ಧೈರ್ಯ ಮಾಡಿ ಬಾಯಿಬಿಟ್ಟೆ.

“ನಿಮಗೆ ಒಡಹುಟ್ಟಿದವರು ಯಾರೂ ಇಲ್ವಾ?”

ನೀನು ಚೆಂಡಿನಿಂದ ಕಣ್ಣು ಕೂಡ ಎತ್ತಲಿಲ್ಲ. “ಒಬ್ಬ ತಮ್ಮ ಇದ್ದ. ನನ್ನ ಪಾಲಿಗೆ ಅವನು ಸತ್ತು ಬಹಳ ವರ್ಷ ಆಯ್ತು. ನಿಮ್ಮ ಸರದಿ, ಹೊಡೀರಿ.”

ಹೊಡೆದೆ. ಎಡಕ್ಕೇ ಹೋಯಿತು.

ಆಮೇಲೆ ನಾನು ಏನು ಹೇಳಬೇಕಿತ್ತು? ‘ನಿಮ್ಮ ಪಾಲಿಗೆ ಬಹಳ ವರ್ಷ, ನನ್ನ ಪಾಲಿಗೆ ಜನವರಿಯಲ್ಲಿ’ ಎಂದೇ? ಆಟ ಮುಗಿಸಿದೆ. ನಿಮ್ಮ ಕೇಕು ತಿಂದೆ. ಎಲ್ಲರೂ ಚಹಾದ ಮೇಲೆ ಹರಟುತ್ತಿದ್ದಾಗ ಒಬ್ಬಳೇ ಹೊರಗೆ ನಡೆದು, ಹದಿಮೂರರಲ್ಲಿ ಯಾರೂ ಕಾಲಿಡದ ಜಾಗ ನೋಡಿ, ಅವನನ್ನು ಸುರಿದು ಬಂದೆ. ಬಿಲ್ಲೆ ಬಿದ್ದದ್ದು ಕಾಣಲಿಲ್ಲ, ಕಣ್ಣು ಮಂಜಾಗಿತ್ತು.

ನಿನ್ನ ಗಿಡ ಸತ್ತದ್ದಕ್ಕೆ ನಾನು ಅಳುವುದಿಲ್ಲ.

ನೊಲೀನ್


ಟಾರ್ಲಿ ಹೀತ್
ಸೆಪ್ಟೆಂಬರ್ 14, 2011

ಶ್ರೀಮತಿ ಹ್ಯಾಸ್ಲರ್,

ನಿಮ್ಮ ಪತ್ರ ಓದಿದೆ. ಚೂರುಚೂರು ಮಾಡಿ ಬುಟ್ಟಿಗೆ ಹಾಕಿದೆ. ಆಮೇಲೆ ಚೂರು ಜೋಡಿಸಿ ಮತ್ತೆ ಓದಿದೆ. ಎರಡನೆಯ ಸಲ ಇನ್ನೂ ಸಿಟ್ಟು ಬಂತು.

ನೀವು ಇಡೀ ಮಧ್ಯಾಹ್ನ ನನ್ನ ಪಕ್ಕದಲ್ಲಿ ನಡೆದಿರಿ. ನನ್ನ ಚೆಂಡನ್ನೇ ಹೊಡೆದಿರಿ, ನನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ತಿಂದಿರಿ. ನನ್ನನ್ನು ಅಂಗಡಿಯ ಸಾಮಾನಿನ ಹಾಗೆ ತಿರುಗಿಸಿ ಮುರುಗಿಸಿ ಪರೀಕ್ಷೆ ಮಾಡಿದಿರಿ. ನಾನು ಪರೀಕ್ಷೆಯಲ್ಲಿ ಫೇಲಾದೆನೆಂದು, ನನ್ನ ತಮ್ಮನ ಸಾವನ್ನು ಬಚ್ಚಿಟ್ಟುಕೊಂಡು ವಿಮಾನ ಹತ್ತಿದಿರಿ. ಪ್ರಶ್ನೆಪತ್ರಿಕೆ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ.

‘ನನ್ನ ಪಾಲಿಗೆ ಸತ್ತ’ ಎಂದೆ, ನಿಜ. ಸತ್ತವರ ಬಗ್ಗೆ ಯಾರಾದರೂ ಹಾಗೆ ಹೇಳುತ್ತಾರೆಯೇ? ಎಲ್ಲೋ ಬದುಕಿದ್ದಾನೆ, ಬೈದರೂ ಅವನಿಗೆ ಏನೂ ಆಗುವುದಿಲ್ಲ ಎಂಬ ಧೈರ್ಯದಿಂದ ಆಡಿದ ಮಾತು ಅದು. ನಿಮಗೆ ಒಡಹುಟ್ಟಿದವರಿಲ್ಲವೆಂದು ಕಾಣುತ್ತದೆ.

ಅವನು ಯಾಕೆ ಹೋದ ಎಂದು ನಿಮಗೆ ಹೇಳಿದ್ದಾನೋ ಇಲ್ಲವೋ. ನಮ್ಮ ತಂದೆ ಈ ಕ್ಲಬ್ಬಿನ ನಾಯಕರಾಗಿದ್ದವರು. ಶರತ್ಕಾಲದ ಜೋಡಿಯಾಟದ ಅಂತಿಮ ಪಂದ್ಯದಲ್ಲಿ ಅಪ್ಪ ಮಗ ಒಂದು ಜೋಡಿ. ಕೊನೆಯ ಕುಳಿಯಲ್ಲಿ ಒಂದು ಮೊಳ ದೂರದ ಚೆಂಡನ್ನು ಕ್ಲೈವ್ ಒಳಗೆ ಹಾಕಲಿಲ್ಲ. “ಸಾರಿ, ಅಪ್ಪಾ” ಎಂದ. ಜೋಡಿಯಾಟದಲ್ಲಿ ಜೊತೆಗಾರನಿಗೆ ಸಾರಿ ಹೇಳಬಾರದು, ಅದು ಇಲ್ಲಿ ಮಕ್ಕಳಿಗೂ ಗೊತ್ತು. ಹೇಳಿದರೆ ತಪ್ಪು ಇನ್ನೊಬ್ಬರ ತಲೆಯ ಮೇಲೂ ಕೂರುತ್ತದೆ. ಅಪ್ಪ ಎಲ್ಲರೆದುರಿಗೆ “ಜೊತೆಗಾರ ಸಾರಿ ಹೇಳಲ್ಲ ಕಣೋ, ಚೆಂಡು ಹಾಕ್ತಾನೆ” ಎಂದು ಒಳಗೆ ಹೊರಟುಹೋದರು. ಅದರ ಮರುವರ್ಷ ಕ್ಲೈವ್ ಹಡಗು ಹತ್ತಿದ. ಇಬ್ಬರೂ ಮತ್ತೆ ಮಾತಾಡಲಿಲ್ಲ. ಎಂಬತ್ತನಾಲ್ಕನೆಯ ಇಸವಿಯಲ್ಲಿ ಅಪ್ಪ ಹೋದಾಗ ನಾನು ತಂತಿ ಕಳಿಸಿದೆ. ಬರಲಿಲ್ಲ. ಚರ್ಚಿನಲ್ಲಿ ಅವನಿಗೆಂದು ಬಿಟ್ಟಿದ್ದ ಜಾಗ ಕೊನೆಯವರೆಗೂ ಖಾಲಿ ಇತ್ತು. ನಾನು ಕೋಪ ಮಾಡಿಕೊಂಡದ್ದು ಅದಕ್ಕೆ. ನನ್ನ ಹಕ್ಕಿನ ಕೋಪ ಅದು, ನಿಮ್ಮ ಅಪ್ಪಣೆ ಬೇಕಿರಲಿಲ್ಲ.

ಇನ್ನು ಹದಿಮೂರರ ವಿಷಯ. ಸಮಿತಿ ಸೋಮವಾರ ಕೂತಿತ್ತು. ಅಷ್ಟೂ ಜಾಗದ ಮಣ್ಣನ್ನು ಮೊಳದಾಳಕ್ಕೆ ಅಗೆದು ತೆಗೆದು, ಕೊಟ್ಟಿಗೆಯ ಹಿಂದಿನ ಕಸದ ಗುಂಡಿಗೆ ಹಾಕಿ, ಹೊಸ ಹೀದರ್ ನೆಡುವುದೆಂದು ತೀರ್ಮಾನವಾಗಿದೆ. ಅಕ್ಟೋಬರ್ ಮೊದಲ ವಾರ ಕೆಲಸ. ಸೂಚನೆ ಮಂಡಿಸಿದವಳು ನಾನೇ. ಬೇರೆ ಹೆಂಗಸರಿಗೆ ಒಂದು ನ್ಯಾಯ, ನನ್ನ ಮನೆಯವನಿಗೆ ಒಂದು ನ್ಯಾಯ ಎನ್ನಿಸಿಕೊಳ್ಳಲಾರೆ.

ಬೆರಿಲ್ ಹ್ಯಾಸ್ಲರ್

ಅವನಿಗೆ ಏನಾಗಿತ್ತು?


ಯಾರಿಂಗಪ್
ಸೆಪ್ಟೆಂಬರ್ 25, 2011

ಬೆರಿಲ್,

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಬೆನ್ನುನೋವು ಎಂದು ಹೋದ, ನಮ್ಮ ಡಿಸೆಂಬರ್-ಜನವರಿಯ ಬೇಸಿಗೆ ಮುಗಿಯುವುದರೊಳಗೆ ಇಲ್ಲವಾದ. ಕಾಗದದ ತುದಿಯಲ್ಲಿ ಒಂದೇ ಸಾಲು ಕೇಳಿದ್ದೀಯೆ, ಒಂದೇ ಸಾಲಿನಲ್ಲಿ ಹೇಳಿದ್ದೇನೆ.

ಕಸದ ಗುಂಡಿಯೇ? ಬೇರೆ ಹೆಂಗಸರ ಮುಂದೆ ನಿನ್ನ ಮೂಗು ಎತ್ತರವಾಗಿರಲೆಂದು ತಮ್ಮನನ್ನು ಕೊಳೆತ ಹುಲ್ಲಿನ ಜೊತೆ ಹೂಳುತ್ತೀಯಾ? ನಿಮ್ಮ ಮನೆಯವರಿಗೆಲ್ಲ ಇದೇ ರೋಗ. ಚೆಂಡು ಒಂದು ಮೊಳ ತಪ್ಪಿತು ಎಂದು ಅಪ್ಪ ಮಗ ಜೀವಮಾನವಿಡೀ ಮೂತಿ ತಿರುಗಿಸಿದರು. ನಾನು ಇದನ್ನು ನಮ್ಮೂರಿನ ಪಬ್ಬಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. “ಅಷ್ಟಕ್ಕೇನಾ?” ಎನ್ನುತ್ತಾರೆ. ನಾನೂ ಮದುವೆಯಾದ ಹೊಸತರಲ್ಲಿ ಹಾಗೇ ಅಂದಿದ್ದೆ. ಅವನು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ.

ಚರ್ಚಿನಲ್ಲಿ ಜಾಗ ಖಾಲಿ ಇತ್ತೆಂದು ಬರೆದಿದ್ದೀಯೆ. ನಿನ್ನ ತಂತಿ ಬಂದ ಮೂರನೆಯ ದಿನವೇ ನಾವು ಹೊರಟೆವು. ಪರ್ತ್ ವಿಮಾನ ನಿಲ್ದಾಣದವರೆಗೂ ನಾನೇ ಕಾರು ಓಡಿಸಿದೆ. ಅವನಿಗೆ ಕರಿ ಸೂಟು ಬೇರೆ ಹೊಲಿಸಿದ್ದೆವು. ವಿಮಾನಕ್ಕೆ ಕರೆದರು, ಇವನು ಕುರ್ಚಿಯಿಂದ ಏಳಲಿಲ್ಲ. “ಏಳ್ರೀ, ಕರೀತಿದಾರೆ” ಎಂದೆ. “ಆ ಕ್ಲಬ್ಬಿನ ಮುಂದೆ ಹಾದು ಚರ್ಚಿಗೆ ಹೋಗ್ಬೇಕು ನೊಲೀನ್. ನನ್ ಕೈಲಾಗಲ್ಲ” ಎಂದ. ವಿಮಾನ ಹೋಯಿತು. ಕರಿ ಸೂಟಿನಲ್ಲೇ ವಾಪಸ್ಸು ಬಂದು ಹಾಗೇ ಹಾಸಿಗೆಯಲ್ಲಿ ಮಲಗಿದ. ನಿನಗೆ ಅದನ್ನು ಬರೆಯಿರಿ ಎಂದು ಎಷ್ಟು ಗೋಗರೆದೆ! ಬರೆಯಲಿಲ್ಲ. ಕಾಯಿಲೆ ಬಿದ್ದಾಗ ಮತ್ತೆ ಕೇಳಿದೆ. “ಬೇಡ. ಗೊತ್ತಾದ್ರೆ ಬಂದ್ಬಿಡ್ತಾಳೆ. ನನ್ನನ್ನ ಹಿಂಗೆ ನೋಡ್ತಾಳೆ” ಎಂದ. ನೀನು ಬರುತ್ತಿದ್ದೆ ತಾನೇ? ಆ ವಿಷಯದಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಇನ್ನೊಂದು ಮಾತಿದೆ. ಇದನ್ನು ಹೋದ ಪತ್ರದಲ್ಲಿ ಬೇಕೆಂದೇ ಬರೆಯಲಿಲ್ಲ. ಬರೆದರೆ ನಿನ್ನ ಕೈ ಮೇಲಾಗುತ್ತದೆಂದು ಸುಮ್ಮನಿದ್ದೆ. ಆದರೆ ಕಸದ ಗುಂಡಿ ಎಂದು ಓದಿದ ಮೇಲೆ ಸುಮ್ಮನಿರಲಾರೆ. ಕೊನೆಗೆ ಅವನು ಹೇಳಿದ್ದು ಇಷ್ಟೇ: “ಟಾರ್ಲಿಗೆ ತಗೊಂಡ್ಹೋಗು. ಜಾಗ ಯಾವ್ದು ಅಂತ ಬೆರಿಲ್‌ಗೆ ಗೊತ್ತು.”

ನನಗೆ ಗೊತ್ತಿರಲಿಲ್ಲ. ನಿನ್ನನ್ನು ಕೇಳಬೇಕಿತ್ತು. ನೀನು ‘ಸತ್ತ’ ಎಂದ ಮೇಲೆ ಕೇಳಲು ಮನಸ್ಸು ಬರಲಿಲ್ಲ, ಸಿಟ್ಟಿನಲ್ಲಿ ಕಣ್ಣಿಗೆ ಬಿದ್ದ ಕಡೆ ಹಾಕಿದೆ. ಆ ಜಾಗ ಯಾವುದೋ ಏನೋ, ಕಸದ ಗುಂಡಿಯಂತೂ ಆಗಿರಲಾರದು. ಅಗೆಯುವುದನ್ನು ನಿಲ್ಲಿಸು.

ನೊಲೀನ್


ಟಾರ್ಲಿ ಹೀತ್
ಅಕ್ಟೋಬರ್ 12, 2011

ನೊಲೀನ್,

ನಿಲ್ಲಿಸಲಿಲ್ಲ. ಹೋದ ಬುಧವಾರ ಬೆಳಿಗ್ಗೆ ಅಗೆದರು. ನಾನೂ ಹೋಗಿದ್ದೆ.

ಇಲ್ಲಿಯ ಹುಲ್ಲು, ಹೀದರ್ ಎಲ್ಲ ನೋಡಿಕೊಳ್ಳುವ ರೆಗ್ ಟಪ್ಪನ್ ಗುದ್ದಲಿ ಊರಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಗಾಡಿ ತುಂಬಿತು.

“ಗುಂಡಿಗೆ ಬೇಡ ರೆಗ್. ಆ ಮಣ್ಣು ನನಗೆ ಬೇಕು.”

“ಸಮಿತಿಯವರು ಗುಂಡಿಗೆ ಅಂದಿದ್ರಲ್ಲ, ಮೇಡಂ.”

“ಸಮಿತಿ ಅಂದ್ರೆ ನಾನೇ ಕಣಯ್ಯಾ. ಹೀದರ್‌ನಿಂದ ತೆಗೀಬೇಕು ಅಂದ್ವಿ, ತೆಗ್ದಾಯ್ತು. ಇನ್ನು ನಿನ್ನ ಕೆಲಸ ನೋಡ್ಕೋ.”

ಮೂರು ಚೀಲ ಆಯಿತು. ಕಾರಿನ ಹಿಂದೆ ಹಾಕಿಸಿಕೊಂಡು ಮನೆಗೆ ತಂದೆ. ಅಡುಗೆಮನೆಯ ಕಲ್ಲಿನ ನೆಲದ ಮೇಲೆ ಇಟ್ಟುಕೊಂಡು ಅವನನ್ನು ಬಾಯಿಗೆ ಬಂದಂತೆ ಬೈದೆ. ಸೂಟು ಹೊಲಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಕ್ಕೆ ಬೈದೆ. ಕಾಯಿಲೆ ಮುಚ್ಚಿಟ್ಟದ್ದಕ್ಕೆ ಬೈದೆ. ನಿನ್ನಂಥವಳನ್ನು ಕಟ್ಟಿಕೊಂಡದ್ದಕ್ಕೂ ಬೈದೆ. ಆಮೇಲೆ ಅತ್ತೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ.

ಜಾಗ ನನಗೆ ಗೊತ್ತಿತ್ತು. ನಿನಗೂ ಗೊತ್ತಾಗಬೇಕಿತ್ತು, ಅಷ್ಟು ವರ್ಷ ಅವನ ಜೊತೆ ಆಡಿದವಳು ನೀನು. ಕ್ಲೈವ್‌ನ ಚೆಂಡು ಯಾವತ್ತಾದರೂ ನೆಟ್ಟಗೆ ಹೋದದ್ದುಂಟೇ? ಹುಡುಗನಾಗಿದ್ದಾಗ ಅವನು ಇಡೀ ರಜವನ್ನು ಹೀದರ್ ಪೊದೆಯಲ್ಲಿ ಚೆಂಡು ಹುಡುಕುತ್ತಾ ಕಳೆದ. ಮೊಣಕಾಲೆಲ್ಲ ಗೀರು. “ಅಕ್ಕಾ, ಒಂದಿನ ನಾನೂ ಆ ಕತ್ತರಿಸಿದ ಹುಲ್ಲಿನ ದಾರೀಲಿ ಒಂದರಿಂದ ಹದಿನೆಂಟರವರೆಗೂ ಸೀದಾ ನಡೀತೀನಿ ನೋಡು” ಎನ್ನುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನೀನು ಅವನನ್ನು ಸುಟ್ಟ ಮೇಲೂ ತೆಗೆದುಕೊಂಡು ಹೋಗಿ ಎಡಗಡೆಯ ಪೊದೆಗೇ ಹಾಕಿದೆಯಲ್ಲೇ!

ಬೂದಿ ಹೀದರ್‌ಗೆ ವಿಷ, ಹುಲ್ಲಿಗೆ ಅಮೃತ. ಪ್ರತಿ ಋತು ಮುಗಿಯುವಾಗ ನಾವು ಹೆಂಗಸರು ಬಕೆಟ್ಟಿನಲ್ಲಿ ಮಣ್ಣು ಬೀಜ ಕಲಸಿಕೊಂಡು, ಹೊಡೆತಕ್ಕೆ ಹುಲ್ಲು ಕಿತ್ತುಹೋದ ಗಾಯಗಳನ್ನೆಲ್ಲ ಮುಚ್ಚುತ್ತಾ ನಡೆಯುತ್ತೇವೆ. ಈ ಸಲದ್ದು ನಿನ್ನೆ ಮಧ್ಯಾಹ್ನ ಇತ್ತು. ಮೂರು ಚೀಲವನ್ನೂ ಮರಳಿನ ಜೊತೆ ಕಲಸಿ ಎಲ್ಲರ ಬಕೆಟ್ಟಿಗೂ ನಾನೇ ಬಡಿಸಿದೆ. ಒಬ್ಬೊಬ್ಬರಿಗೆ ಎರಡು ಕುಳಿ. ಮೊದಲನೆಯದು, ಕೊನೆಯದು ನಾನಿಟ್ಟುಕೊಂಡೆ.

ಹಲ್ಲುನೋವಿನ ಪ್ರೂಡೆನ್ಸ್ ಹಿಡಿ ಮಣ್ಣು ಬೆರಳಲ್ಲಿ ಉಜ್ಜಿ ನೋಡಿದಳು. “ಈ ಸಲದ ಮಣ್ಣು ಎಷ್ಟು ನಯವಾಗಿದೆ ಕಣೇ. ಎಲ್ಲಿಂದ ತರಿಸ್ದೆ?”

“ಆಸ್ಟ್ರೇಲಿಯಾದಿಂದ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಈಗ ಒಂದರಿಂದ ಹದಿನೆಂಟರವರೆಗೂ ಸೀದಾ ದಾರಿಯಲ್ಲಿದ್ದಾನೆ.

ಇದನ್ನು ಬರೆದೆನೆಂದು ನಿನ್ನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ಅಪ್ಪನ ಪೆಟ್ಟಿಗೆಗೆ ಹೆಗಲು ಕೊಡಲು ಕ್ಲೈವ್ ಬರಲಿಲ್ಲವೆಂದು ಅವನ ಜಾಗದಲ್ಲಿ ನಾನು ಹೆಗಲು ಕೊಟ್ಟೆ. ಹೆಂಗಸು ಹೊರಬಾರದು ಎಂದರು ಪಾದ್ರಿ, ಕೇಳಲಿಲ್ಲ. ಅಪ್ಪನನ್ನು ಹೊತ್ತ ಈ ಹೆಗಲಿಗೆ ನನ್ನ ಸ್ವಂತ ತಮ್ಮನನ್ನು ನಾಲ್ಕು ಹೆಜ್ಜೆ ಹೊರುವ ಅವಕಾಶ ನೀನು ಕೊಡಲಿಲ್ಲ. ಮಣ್ಣಾದ ಮೇಲೆ ಕಾರಿನಲ್ಲಿ ತಂದದ್ದು ಲೆಕ್ಕಕ್ಕಿಲ್ಲ. ಅದೊಂದಕ್ಕೆ ನಾನು ಸಾಯುವವರೆಗೂ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಇರುತ್ತೇನೆ.

ಬೆರಿಲ್


ಯಾರಿಂಗಪ್
ಅಕ್ಟೋಬರ್ 24, 2011

ಬೆರಿಲ್,

ನನ್ನನ್ನು ಒಂದು ಮಾತು ಕೇಳದೆ ನನ್ನ ಗಂಡನನ್ನು ಪ್ರಸಾದದ ಹಾಗೆ ಊರಿಗೆಲ್ಲ ಹಂಚಿಬಿಟ್ಟೆ. ಇನ್ನು ನಾನು ಬಂದರೆ ಹೂವು ಎಲ್ಲಿ ಇಡಲಿ? ಹದಿನೆಂಟು ಕಡೆಯೂ ಇಡಲೇ? ಪತ್ರ ಓದಿ ಒಂದು ತಟ್ಟೆ ಒಡೆದೆ. ಒಳ್ಳೆಯ ತಟ್ಟೆ.

ಆಮೇಲೆ ಅವನು ಸೀದಾ ದಾರಿಯಲ್ಲಿ ನಡೆಯುವುದನ್ನು ನೆನೆದೆ. ಇಲ್ಲಿಯೂ ಅವನ ಚೆಂಡು ಕಾಂಗರೂಗಳ ನಡುವೆಯೇ ಇರುತ್ತಿತ್ತು. ಜಾಗ ನಿನಗೆ ಗೊತ್ತು ಎಂದದ್ದು ಸರಿಯೇ. ಅವನು ನನ್ನನ್ನು ನಂಬಿದ್ದು ತಲುಪಿಸುವುದಕ್ಕೆ ಮಾತ್ರ. ಅದಕ್ಕೂ ಹೊಟ್ಟೆ ಉರಿಯುತ್ತದೆ.

ನಿನ್ನ ಪತ್ರದಲ್ಲಿ ಒಂದು ಸುಳ್ಳಿದೆ. ನಿನಗೇ ತಿಳಿಯದ ಸುಳ್ಳು. ಅದರ ನಿಜವನ್ನು ನಿನಗೆ ಯಾವತ್ತೂ ಹೇಳಬಾರದೆಂದು, ನಿನಗೆ ಸಿಗಬಾರದೆಂದು, ಮೇ ತಿಂಗಳಿಂದ ಗಟ್ಟಿಯಾಗಿ ಹಿಡಿದಿಟ್ಟುಕೊಂಡಿದ್ದೆ. ನಿನ್ನನ್ನು ನೋಯಿಸಲು ನನ್ನ ಹತ್ತಿರ ಉಳಿದಿದ್ದದ್ದು ಅದೊಂದೇ.

ಹನ್ನೆರಡನೆಯ ಕುಳಿಯ ಹತ್ತಿರ ಒಂದು ಕಡಿದಾದ ಏರು ಇದೆಯಲ್ಲ, ಆಟದ ದಿನ ಅದರ ಬುಡದಲ್ಲಿ ನನ್ನ ಮಂಡಿ ಹಿಡಿದುಕೊಂಡಿತು. ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ನೀನು ಗೊಣಗುತ್ತಾ ಹಿಂದೆ ಬಂದೆ. ನಿನ್ನ ಗಾಲ್ಫ್ ಕೋಲುಗಳ ಚೀಲ ಒಂದು ಹೆಗಲಲ್ಲಿತ್ತು. ನನ್ನದನ್ನು ಎತ್ತಿ ಇನ್ನೊಂದು ಹೆಗಲಿಗೆ ಹಾಕಿಕೊಂಡೆ.

“ಏನ್ರೀ ಇದು, ಕಲ್ಲು ತುಂಬ್ಕೊಂಡು ಬಂದಿದ್ದೀರಾ?”

“ಕೊಡಿ, ನಾನೇ ತರ್ತೀನಿ.”

“ಸುಮ್ನಿರಿ. ಇವನನ್ನ ಮೇಲಿನವರೆಗೂ ನಾನೇ ಹೊರ್ತೀನಿ” ಎಂದೆ ನೀನು. ಚೀಲವನ್ನು ಹಾಗೆ ಮನುಷ್ಯನೆಂಬಂತೆ ಕರೆದೆ. ಬೈಯುತ್ತಲೇ ಹೊತ್ತೆ. ನಡುವೆ ಒಮ್ಮೆಯೂ ಕೆಳಗಿಳಿಸಲಿಲ್ಲ. ಏರಿನ ತುದಿಯಲ್ಲಿ ಮಳೆ ನೀರು ನಿಂತಿತ್ತು. ಅಲ್ಲಿ ಇಡದೆ, ಒಣಗಿದ ಜಾಗ ಹುಡುಕಿ ಮೆಲ್ಲಗೆ ಇಟ್ಟೆ.

ಅವನು ಆ ಚೀಲದಲ್ಲಿದ್ದ.

ನೊಲೀನ್